ಕಾರಿನ ಕೂಲೆಂಟನ್ನು ಬಣ್ಣ ನೋಡಿ ಆರಿಸಬಹುದೇ?

ಎಂಜಿನ್ನನ್ನು ತಂಪಾಗಿಡುವ ದ್ರವವೇ ಕೂಲೆಂಟ್. ಹಸಿರು ಕೂಲೆಂಟ್ ಇರುವಲ್ಲಿಗೆ ಯಾವುದಾದರೂ ಹಸಿರು ಕೂಲೆಂಟನ್ನೇ ಹಾಕಿದರೆ ಸಾಕೇ ಎಂಬುದು ನಿಮ್ಮ ಪ್ರಶ್ನೆ. ಸಾಲದು. ಬಣ್ಣವೆಂಬುದು ತಯಾರಕರು ಬೆರೆಸುವ ಡೈ ಮಾತ್ರ. ಅದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಕಾರಿನ ಕೈಪಿಡಿಯಲ್ಲಿ ಯಾವ ಬಗೆಯನ್ನು ಹೇಳಿದೆಯೋ ಅದನ್ನೇ ಕೊಳ್ಳಬೇಕು. ಸಿಲಿಕೇಟ್ ಇರುವ ಹಳೆಯ ಬಗೆಯನ್ನು ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ, ಸಾವಯವ ಆಮ್ಲಗಳಿರುವ ಒಎಟಿ ಬಗೆಯನ್ನು ಸುಮಾರು 5 ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ. ಎರಡನ್ನೂ ಬೆರೆಸಿದರೆ ತುಕ್ಕು ತಡೆಯುವ ಗುಣ ಬೇಗ ಕುಂದುತ್ತದೆ, ಕೆಲವೊಮ್ಮೆ ಲೋಳೆಯಂಥ ಗಸಿಯೂ ಕಟ್ಟುತ್ತದೆ.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಬರೀ ನೀರೇ ಸಾಕು ಎನ್ನುವವರಿದ್ದಾರೆ. ಆದರೆ ಕೂಲೆಂಟಿನ ಮುಖ್ಯ ದ್ರವವಾದ ಎಥಿಲೀನ್ ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ವಾಟರ್‌ಗಳ ಸಮಪಾಲು ಮಿಶ್ರಣವು ಹೆಪ್ಪುಗಟ್ಟುವುದನ್ನು ತಡೆಯುವುದಷ್ಟೇ ಅಲ್ಲ, ಕುದಿಯುವ ಮಟ್ಟವನ್ನೂ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುತ್ತದೆ, ರೇಡಿಯೇಟರ್ ಮುಚ್ಚಳದ ಒತ್ತಡ ಅದನ್ನು ಇನ್ನಷ್ಟು ಮೇಲಕ್ಕೊಯ್ಯುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರವನ್ನು ನೀವು ಕಂಡಿರಬಹುದು. ರೇಡಿಯೇಟರಿನ ಸಪೂರ ಕೊಳವೆಗಳಲ್ಲಿ ಕಟ್ಟುವುದೂ ಅದೇ. ಡಬ್ಬದ ಮೇಲೆ ರೆಡಿಮಿಕ್ಸ್ (ಮೊದಲೇ ನೀರು ಬೆರೆಸಿದ್ದು) ಎಂದಿದ್ದರೆ ಮಾತ್ರ ನೀರು ಸೇರಿಸಬೇಡಿ.

ಎಂಜಿನ್ ಪೂರ್ತಿ ತಣಿದ ಮೇಲೆ ತಿಂಗಳಿಗೊಮ್ಮೆ ಮಟ್ಟ ನೋಡಿ. ಬಿಸಿಯಿರುವಾಗ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ತುಂಬಿಸುತ್ತಾ ಹೋಗುವ ಬದಲು ಸೋರಿಕೆಯನ್ನು ಹುಡುಕಿಸಿ. ಚೆಲ್ಲಿದ ಕೂಲೆಂಟನ್ನು ತಕ್ಷಣ ತೊಳೆಯಿರಿ: ಅದರ ರುಚಿ ಸಿಹಿ, ನೆಕ್ಕಿದ ನಾಯಿಗೆ ಅದು ವಿಷ.