ಗಣೆ ಊದುವಾಗ ನೀವು ಸುಮ್ನಿರಿ

ಮಧುಗಿರಿಯ ಗೆಳೆಯರೇ,

ನೀವು ಕಳಿಸಿದ ಅರ್ಧ ಗಂಟೆಯ ಬಾನುಲಿ ರೂಪಕದ ಸ್ಕ್ರಿಪ್ಟ್ ಓದಿದೆ, ಜೊತೆಗಿದ್ದ ರೆಕಾರ್ಡಿಂಗ್ ಕೇಳಿದೆ. ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿಗೆ ಹೋಗಿದ್ದೀರಿ. ಅವರ ದೈವ ಜುಂಜಪ್ಪನ ಕಾವ್ಯ ಹಾಡುವ ಹಿರಿಯರನ್ನು ಹುಡುಕಿ, ಅವರಿಂದ ಗಣೆ ಅನ್ನುವ ಬಿದಿರಿನ ವಾದ್ಯ ಊದಿಸಿದ್ದೀರಿ. ವಿಷಯ ಒಳ್ಳೆಯದು, ಓಡಾಟವೂ ಒಳ್ಳೆಯದು. ಆದರೆ ಸ್ಕ್ರಿಪ್ಟ್ ಓದಿ ಎರಡು ದಿನ ನನಗೆ ಸಮಾಧಾನ ಇರಲಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲ ಸಾಲು: "ಅನಾದಿ ಕಾಲದಿಂದಲೂ ಸಂಗೀತವು ಮಾನವನ ಬದುಕಿನ ಅವಿಭಾಜ್ಯ ಅಂಗವಾಗಿದೆ." ಹೊಡೆದು ಹಾಕಿ. ಇದನ್ನು ಯಾವ ವಾದ್ಯದ ರೂಪಕಕ್ಕೆ ಬೇಕಾದರೂ ಅಂಟಿಸಬಹುದು. ಹಾಗಾಗಿ ಇದು ಗಣೆಯದಲ್ಲ.

ಎರಡನೇ ಪುಟ: "ಈಗ ಗಣೆಯ ಮಧುರ ನಾದ ನಿಮ್ಮ ಕಿವಿಗೆ ಬೀಳುತ್ತಿದೆ." ಬೀಳುತ್ತಿದ್ದರೆ ಹೇಳುವುದು ಯಾಕೆ? ಮಧುರವೋ ಅಲ್ಲವೋ ಕೇಳುವವರಿಗೆ ಗೊತ್ತಾಗುತ್ತದೆ, ಅಲ್ವಾ? ಅದರ ಕೆಳಗೇ ಬರೆದಿದ್ದೀರಿ: "ಗಣೆ 6 ಸೆಕೆಂಡು. ತಗ್ಗಿಸಿ. ನಿರೂಪಣೆ." ಆ ನಿರೂಪಣೆಯನ್ನು ನಾನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿದೆ. ಎರಡು ನಿಮಿಷ ಹತ್ತು ಸೆಕೆಂಡು! ಗಣೆಗೆ 6 ಸೆಕೆಂಡು, ನಿಮಗೆ 130.

ಗಣೆ ಉದ್ದನೆಯ ಬಿದಿರು. ಕೊಳವೆ ಉದ್ದವಾದಷ್ಟೂ ಸ್ವರ ಕೆಳಗಿಳಿಯುತ್ತದೆ. ನಿಮ್ಮದೇ ರೆಕಾರ್ಡಿಂಗನ್ನು ಇನ್ನೊಮ್ಮೆ ಕೇಳಿ. ಮೊದಲು ಬರೀ ಉಸಿರು, ಆಮೇಲೆ ಒಂದು ಮೊರೆತ, ಸ್ವರ ಒಂದು ನೆಲೆಗೆ ಬರುವುದು ಅದರ ನಂತರ. ಅಷ್ಟಾಗುವ ಹೊತ್ತಿಗೆ ನಿಮ್ಮ 6 ಸೆಕೆಂಡು ಮುಗಿದಿರುತ್ತದೆ. ಒಂದು ನಿಮಿಷ ಬಿಡಿ. ನಡುವೆ ಒಂದು ಮಾತೂ ಬೇಡ. ಕೇಳುಗರು ಎದ್ದು ಹೋಗುತ್ತಾರೆ ಅನ್ನುವ ಭಯ ಬೇಡ. ಎದ್ದು ಹೋಗುವುದು ನಿಮ್ಮ 130 ಸೆಕೆಂಡಿನಲ್ಲಿ.

ಮೂರನೇ ಪುಟದ್ದು ನನಗೆ ನಿಜಕ್ಕೂ ನೋವಾದ ವಿಷಯ. ಗಣೆ ಹೇಗೆ ಮಾಡುತ್ತಾರೆ ಅನ್ನುವ ಮಾತಿನ ಹಿಂದೆ "ಹಿನ್ನೆಲೆಯಲ್ಲಿ ಕೊಳಲು" ಅಂತ ಹಾಕಿದ್ದೀರಿ. ಕಂಪ್ಯೂಟರಿನಲ್ಲಿ ಸಿಕ್ಕ ಯಾವುದೋ ಕೊಳಲು. ಗಣೆಯ ಕಥೆಯಲ್ಲಿ ಗಣೆಯನ್ನೇ ಪಕ್ಕಕ್ಕೆ ಸರಿಸಿ ಬೇರೆ ವಾದ್ಯ ನುಡಿಸಬಹುದಾ? ಅದೇ ಪುಟದಲ್ಲಿ "ನೀವು ನೋಡುತ್ತಿರುವ ಈ ವಾದ್ಯ" ಅಂತಲೂ ಇದೆ. ರೇಡಿಯೊದಲ್ಲಿ ಯಾರೂ ನೋಡುತ್ತಿಲ್ಲ. "ಎಷ್ಟು ಗೇಣು ಇದೆ, ಅಳೆದು ಹೇಳಿ ತಾತ" ಅನ್ನಿ. ಅವರು ಒಂದು, ಎರಡು ಅಂತ ಎಣಿಸುತ್ತಾ ಹೋಗಲಿ, ಬೆರಳು ಬಿದಿರಿಗೆ ತಾಗುವ ಸದ್ದು ಬರಲಿ. ಗಣೆ ಕಣ್ಣಿಗೆ ಕಟ್ಟುತ್ತದೆ.

ಇನ್ನು ನಾಲ್ಕನೇ ಪುಟ. ತಾತ ಹೇಳುತ್ತಾರೆ: "ಉಸ್ರು ಸಾಲ್ದು ಕಣಪ್ಪ ಈಗ. ಆವಾಗ ಬೆಳಗಾನ ಊದ್ತಿದ್ದೆ." ಎಂಥ ಮಾತು! ಅದಾದ ಕೂಡಲೇ ನಿಮ್ಮ ನಿರೂಪಕ: "ವೃದ್ಧಾಪ್ಯದ ಕಾರಣ ಕಲಾವಿದರು ಉಸಿರಾಟದ ಸಮಸ್ಯೆ ಎದುರಿಸುತ್ತಿದ್ದಾರೆ." ತಾತನ ಮಾತು ಯಾರಿಗೆ ಅರ್ಥವಾಗಲಿಲ್ಲ ಅಂತ ಇದು? ಅವರು ಹೇಳಿದ್ದು ಕಳೆದುಹೋದ ರಾತ್ರಿಗಳ ಬಗ್ಗೆ. ನೀವು ಅದನ್ನು ಆಸ್ಪತ್ರೆಯ ಚೀಟಿ ಮಾಡಿದಿರಿ. ಕೋಲಾರ ಜಿಲ್ಲೆಯ ಬೂದಿಕೋಟೆಯ ಸಮುದಾಯ ರೇಡಿಯೊ 'ನಮ್ಮ ಧ್ವನಿ' ನೆನಪಾಗುತ್ತದೆ. ಸಂಘ ಸಂಸ್ಥೆಗಳೂ ಸಮುದಾಯ ರೇಡಿಯೊ ನಡೆಸಬಹುದು ಅಂತ ಸರ್ಕಾರ ಒಪ್ಪಿದ್ದು 2006ರಲ್ಲಿ. ಅದಕ್ಕೂ ಮುಂಚೆಯೇ ಅಲ್ಲಿನವರು ಕೇಬಲ್ಲಿನ ಮೂಲಕ ಮನೆಮನೆಗೆ ಕಾರ್ಯಕ್ರಮ ಕಳಿಸುತ್ತಿದ್ದರು. ಹಳ್ಳಿಯವರೇ ತಮ್ಮ ಮಾತಿನಲ್ಲಿ ಮಾಡಿದ ಕಾರ್ಯಕ್ರಮ. ಆ ಮಾತನ್ನು ತಿದ್ದಲು ನಡುವೆ ಯಾರೂ ಬೇಕಾಗಿರಲಿಲ್ಲ.

ನಾನು ಕೆಲಸ ಕಲಿಯುವಾಗ ಟೇಪಿನ ಕಾಲ. ಕಾಲು ಇಂಚಿನ ಟೇಪು, ಸೆಕೆಂಡಿಗೆ ಏಳೂವರೆ ಇಂಚು ಓಡುತ್ತಿತ್ತು. ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿ, ಅಂಟುಪಟ್ಟಿ ಹಾಕಿ ಸೇರಿಸಬೇಕು. ತಿಪಟೂರು ಕಡೆಯ ಒಬ್ಬ ಮೂಡಲಪಾಯ ಯಕ್ಷಗಾನದ ಭಾಗವತರ ಸಂದರ್ಶನ ನನ್ನ ಕೈಗೆ ಬಂತು. ವಯಸ್ಸಾದವರು, ಮಾತಿನ ನಡುವೆ ಜಾಸ್ತಿ ಉಸಿರು ತೆಗೆದುಕೊಳ್ಳುತ್ತಿದ್ದರು. ದೊಡ್ಡ ಉಸಿರು ಅಂದರೆ ಟೇಪಿನ ಮೇಲೆ ಆರೇಳು ಇಂಚು. ರಾತ್ರಿಯೆಲ್ಲಾ ಕೂತು ಅವನ್ನೆಲ್ಲ ಕತ್ತರಿಸಿ ತೆಗೆದೆ. ಮಾತು ನೀರಿನ ಹಾಗೆ ಹರಿಯುತ್ತಿದೆ ಅಂತ ಹೆಮ್ಮೆ ನನಗೆ. ಬೆಳಗ್ಗೆ ನನ್ನ ಹಿರಿಯರು ಕೇಳಿ, "ಈ ಮನುಷ್ಯ ಉಸಿರಾಡೋದೇ ಇಲ್ವಾ?" ಅಂದರು. ಕಸದ ಬುಟ್ಟಿಯಿಂದ ಆ ತುಂಡುಗಳನ್ನು ಹೆಕ್ಕಿಸಿದರು. ಒಂದೊಂದನ್ನೂ ಅದರ ಜಾಗಕ್ಕೇ ಅಂಟಿಸಲು ಸಂಜೆಯಾಯಿತು. ಕೊನೆಯಲ್ಲಿ ಒಂದು ತುಂಡು ಎಲ್ಲಿಯದು ಅಂತ ಗೊತ್ತಾಗಲೇ ಇಲ್ಲ. ಅದು ಬಹಳ ವರ್ಷ ನನ್ನ ಮೇಜಿನ ಡ್ರಾಯರಿನಲ್ಲಿತ್ತು.

ಉಳಿದ ಪುಟಗಳ ಬಗ್ಗೆ ಈಗ ಮಾತು ಬೇಡ. ಇನ್ನೊಮ್ಮೆ ಹಟ್ಟಿಗೆ ಹೋಗಿ ಬನ್ನಿ. ತಾತನಿಗೆ ಎಲೆ ಅಡಿಕೆ ತೆಗೆದುಕೊಂಡು ಹೋಗಿ, ಅವರು ಊದಲು ಮನಸ್ಸು ಮಾಡುವ ತನಕ ಮೈಕು ಬ್ಯಾಗಿನಲ್ಲೇ ಇರಲಿ. ಅವರು ಊದಿ ಮುಗಿಸಿದ ಮೇಲೂ ರೆಕಾರ್ಡರ್ ನಿಲ್ಲಿಸಬೇಡಿ. ಹಟ್ಟಿಯ ಮೌನ ಒಂದು ನಿಮಿಷ ಬೇಕು. ಎರಡು ತುಂಡು ಸೇರಿಸುವಾಗ ಅದು ಇಲ್ಲದಿದ್ದರೆ ಕಿವಿಗೆ ಗಂಟು ಸಿಗುತ್ತದೆ. ಬಂದ ಮೇಲೆ ಸ್ಕ್ರಿಪ್ಟನ್ನು ನಾಲ್ಕನೇ ಪುಟದಿಂದ, ತಾತನ ಆ ಮಾತಿನಿಂದಲೇ ಶುರು ಮಾಡಿ ನನಗೆ ಕಳಿಸಿ.