ರಂಗದ ಹೊಗೆಗೆ ಫೈರ್ ಅಲಾರಂ ಕೂಗಿದರೆ

ಪ್ರಶ್ನೆ: ನಮ್ಮ ಹವ್ಯಾಸಿ ತಂಡದ ನಾಟಕದ ಯುದ್ಧ ದೃಶ್ಯಕ್ಕೆ ಫಾಗ್ ಮಷೀನ್ ತಂದಿದ್ದೇವೆ. ತಾಲೀಮಿನಲ್ಲೇ ಸಭಾಂಗಣದ ಅಲಾರಂ ಕೂಗಿತು. ಸ್ಮೋಕ್ ಡಿಟೆಕ್ಟರ್‌ಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಬಹುದೇ? ಸ್ಪ್ರಿಂಕ್ಲರ್‌ನಿಂದ ನೀರು ಸುರಿದೀತೇ?
– ಓದುಗರೊಬ್ಬರು, ಮೈಸೂರು

ಉತ್ತರ: ಕವರ್ ಖಂಡಿತ ಬೇಡ. ಕವರ್ ಕಟ್ಟಿದ್ದು ಫೈರ್ ಪ್ಯಾನೆಲ್‌ಗೆ (ಎಲ್ಲ ಡಿಟೆಕ್ಟರ್‌ಗಳ ಸ್ಥಿತಿ ತೋರಿಸುವ ನಿಯಂತ್ರಣ ಪೆಟ್ಟಿಗೆಗೆ) ತಿಳಿಯದು, ಅದು ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ. ಎತ್ತರದ ಚಾವಣಿಯಲ್ಲಿ ಒಂದು ಕವರ್ ಮರೆತುಹೋದರೂ ಆ ಡಿಟೆಕ್ಟರ್ ಇದ್ದೂ ಇಲ್ಲದಂತೆ.

ಡಿಟೆಕ್ಟರ್ ಒಳಗೆ ಕಪ್ಪನೆಯ ಪುಟ್ಟ ಗೂಡಿದೆ. ಅದರಲ್ಲಿ ಒಂದು ಇನ್‌ಫ್ರಾರೆಡ್ ದೀಪ, ಅದರ ಬೆಳಕು ನೇರ ಬೀಳದಂತೆ ಓರೆಯಾಗಿ ಕೂತ ಒಂದು ಸೆನ್ಸರ್. ಕಣಗಳು ಒಳಹೊಕ್ಕಾಗ ಬೆಳಕು ಚದುರಿ ಸೆನ್ಸರ್‌ಗೆ ಬೀಳುತ್ತದೆ, ಅಲಾರಂ ಕೂಗುತ್ತದೆ. ಫಾಗ್ ಎಂದರೆ ಗ್ಲೈಕಾಲ್ ಅಥವಾ ಗ್ಲಿಸರಿನ್ ಬೆರೆತ ನೀರಿನ ಸೂಕ್ಷ್ಮ ಹನಿಗಳು. ಅವು ಬೆಂಕಿಯ ಹೊಗೆಯಲ್ಲವೆಂದು ಆ ಸೆನ್ಸರ್‌ಗೆ ಗೊತ್ತಾಗುವುದಿಲ್ಲ.

ಸಾಮಾನ್ಯ ಸ್ಪ್ರಿಂಕ್ಲರ್ ಹೊಗೆಗೆ ತೆರೆಯುವುದಿಲ್ಲ. ಅದರ ಬಾಯಲ್ಲಿ ಕೆಂಪು ದ್ರವದ ಗಾಜಿನ ಕೊಳವೆಯಿದ್ದರೆ ಅದು ಒಡೆಯುವುದು 68 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ. ಆದರೆ ಡಿಟೆಕ್ಟರ್ ಸೂಚನೆಯಿಂದಲೇ ನೀರು ಅಥವಾ ಅನಿಲ ಬಿಡುವ ವ್ಯವಸ್ಥೆಗಳೂ ಇವೆ. ನಿಮ್ಮ ಸಭಾಂಗಣದಲ್ಲಿ ಯಾವುದಿದೆಯೆಂದು ನಿರ್ವಹಣೆಯವರನ್ನು ಮೊದಲೇ ಕೇಳಿ.

ಮಷೀನ್, ಬಳಸುವ ದ್ರವ, ಎಷ್ಟು ನಿಮಿಷ, ಯಾವ ದೃಶ್ಯ, ಇವಿಷ್ಟನ್ನೂ ವ್ಯವಸ್ಥಾಪಕರಿಗೆ ಬರೆದುಕೊಡಿ. ಎಸಿ ಓಡುತ್ತಿರುವಾಗಲೇ, ಪ್ರದರ್ಶನದಷ್ಟೇ ಫಾಗ್ ಬಿಟ್ಟು ತಾಲೀಮು ಮಾಡಿ. ಎಸಿ ಒಳಗೆ ವಾಪಸು ಎಳೆದುಕೊಳ್ಳುವ ಗಾಳಿ ಫಾಗನ್ನು ಎಳೆದೊಯ್ದು ಡಕ್ಟ್‌ನೊಳಗಿನ (ಗಾಳಿ ಕೊಳವೆಯೊಳಗಿನ) ಡಿಟೆಕ್ಟರ್‌ಗೆ ಮುಟ್ಟಿಸುವುದುಂಟು, ಇದನ್ನು ಹಲವರು ಗಮನಿಸುವುದಿಲ್ಲ. ಯಾವ ಡಿಟೆಕ್ಟರ್, ಅಥವಾ ಯಾವ ಭಾಗದ ಡಿಟೆಕ್ಟರ್‌ಗಳು ಕೂಗಿದವೆಂದು ಪ್ಯಾನೆಲ್‌ನಲ್ಲಿ ಕಾಣುತ್ತದೆ, ಬರೆದಿಟ್ಟುಕೊಳ್ಳಿ. ಪ್ರದರ್ಶನದ ಹೊತ್ತಿಗೆ ಸಭಾಂಗಣದ ಸಿಬ್ಬಂದಿಯೇ ಅವುಗಳನ್ನಷ್ಟೇ ಪ್ಯಾನೆಲ್‌ನಲ್ಲಿ ಐಸೊಲೇಟ್ ಮಾಡಲಿ, ಅಂದರೆ ತಾತ್ಕಾಲಿಕವಾಗಿ ಬಂದ್ ಮಾಡಲಿ. ಶಾಖದ ಡಿಟೆಕ್ಟರ್, ಗಾಜು ಒಡೆದು ಒತ್ತುವ ಕೆಂಪು ಪೆಟ್ಟಿಗೆ, ಅಲಾರಂ ಸದ್ದು ಮಾಡುವ ಹೂಟರ್ ಇವೆಲ್ಲ ಚಾಲೂ ಇರಲೇಬೇಕು.

ಡಿಟೆಕ್ಟರ್ ಮಲಗಿರುವಷ್ಟು ಹೊತ್ತು ಕಾವಲು ಮನುಷ್ಯರದ್ದು. ಒಬ್ಬರು ವಿಂಗ್‌ನಲ್ಲಿ (ರಂಗದ ಪಕ್ಕದ ಮರೆಯಲ್ಲಿ) ಅಗ್ನಿಶಾಮಕ ಸಿಲಿಂಡರ್‌ನೊಂದಿಗೆ, ಇನ್ನೊಬ್ಬರು ಪ್ಯಾನೆಲ್ ಬಳಿ, ಇಬ್ಬರ ಕೈಯಲ್ಲೂ ವಾಕಿಟಾಕಿ. ಅವರಿಗೆ ಪರದೆ ಎಳೆಯುವ, ಪ್ರಾಪ್ಸ್ ಕೊಡುವ ಕೆಲಸ ಹಚ್ಚಬೇಡಿ.

ನಾಟಕ ಮುಗಿದೊಡನೆ ಡಿಟೆಕ್ಟರ್ ಚಾಲೂ ಮಾಡಿದರೆ ಮತ್ತೆ ಕೂಗುತ್ತದೆ. ಎಕ್ಸಾಸ್ಟ್ ಓಡಿಸಿ, ದೀಪ ಆರಿಸಿ, ಚಾವಣಿಯತ್ತ ಟಾರ್ಚ್ ಬಿಟ್ಟು ನೋಡಿ. ಗಾಳಿಯಲ್ಲಿ ಬೆಳಕಿನ ಕೋಲು ಕಾಣುತ್ತಿದ್ದರೆ ಫಾಗ್ ಇನ್ನೂ ಇದೆ. ಅದು ಕಾಣದಾದ ಮೇಲೆ ಚಾಲೂ ಮಾಡಿಸಿ, ರಿಜಿಸ್ಟರ್‌ನಲ್ಲಿ ಸಮಯ ಬರೆಸಿ. ಅಲ್ಲಿಯವರೆಗೆ ಕಾವಲಿನವರು ಕದಲಬಾರದು.

ಪ್ರಶ್ನೆ: ಫಾಗ್ ಬದಲು ಹೇಜರ್ (ತೆಳು ಮಂಜು, ಅಂದರೆ ಹೇಜ್ ಬಿಡುವ ಯಂತ್ರ) ಬಳಸಿದರೆ ಅಲಾರಂ ತೊಂದರೆ ತಪ್ಪುವುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಲ್ಲ. ಹೇಜ್ ತೆಳು, ನಿಜ. ಆದರೆ ಬಹಳ ಹೊತ್ತು ನಿಲ್ಲುತ್ತದೆ, ನಿಧಾನವಾಗಿ ಚಾವಣಿಗೂ ಹಬ್ಬುತ್ತದೆ. ಮೊದಲ ಅಂಕದಲ್ಲಿ ಸುಮ್ಮನಿದ್ದ ಡಿಟೆಕ್ಟರ್ ಎರಡನೆಯದರಲ್ಲಿ ಕೂಗಬಹುದು. ಮೇಲಿನ ಕ್ರಮವೇ ಇದಕ್ಕೂ.