ಲಾರಾ ಮದುವೆ ಆದಮೇಲೂ ಪಾಠ ಮಾಡಿದ್ರಾ?

ನಮಸ್ಕಾರ. 'ಲಿಟಲ್ ಹೌಸ್' ಮಕ್ಕಳ ಪುಸ್ತಕಗಳನ್ನು ಬರೆದ ಅಮೆರಿಕದ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ಮದುವೆಯ ನಂತರವೂ ಟೀಚರ್ ಆಗಿದ್ದರಾ ಅಂತ ಕೇಳಿದ್ದೀರಿ. ಇಲ್ಲ. ಅಮೆರಿಕದ ಡಕೋಟಾ ಪ್ರಾಂತ್ಯದ ಡಿ ಸ್ಮೆಟ್ ಊರಿನ ಸುತ್ತಮುತ್ತ ಮೂರು ಹಳ್ಳಿ ಶಾಲೆಗಳಲ್ಲಿ ಕಲಿಸಿದ್ದು ಮದುವೆಗೆ ಮುಂಚೆ. 1885ರಲ್ಲಿ ರೈತ ಆಲ್ಮಾಂಜೋ ಅವರನ್ನು ಮದುವೆಯಾದಾಗ ಆಕೆಗೆ ಬರೀ 18 ವರ್ಷ. ಅಲ್ಲಿಗೆ ಪಾಠ ಮಾಡುವುದು ಬಿಟ್ಟರು.

ನನಗೆ ಜಾಸ್ತಿ ಕಾಡುವುದು ಆಮೇಲಿನ ನಾಲ್ಕು ವರ್ಷ. ಕೈಗೆ ಬಂದ ಗೋಧಿ ಆಲಿಕಲ್ಲಿಗೆ ಹೋಯಿತು. ಮಳೆ ಕೈಕೊಟ್ಟಿತು. 1888ರಲ್ಲಿ ಇಬ್ಬರಿಗೂ ಡಿಫ್ತೀರಿಯಾ (ಗಂಟಲಮಾರಿ ರೋಗ) ಬಂತು, ಗಂಡನ ಕಾಲಿನ ಬಲ ಪೂರ್ತಿ ಮರಳಲೇ ಇಲ್ಲ. ಮರುವರ್ಷ ಹಸುಗೂಸು ತೀರಿಕೊಂಡಿತು, ಮನೆಯೂ ಸುಟ್ಟುಹೋಯಿತು. ಎಷ್ಟು ತಡೆದುಕೊಂಡಿರಬೇಕು ಆ ಹೆಣ್ಣುಮಗಳು, ಅಲ್ವಾ?

1894ರಲ್ಲಿ ಮಿಸೌರಿಯ ಮ್ಯಾನ್ಸ್‌ಫೀಲ್ಡ್‌ಗೆ ಹೋಗಿ ಮತ್ತೆ ಜಮೀನು ಕಟ್ಟಿದರು. ಸೇಬಿನ ತೋಟ, ಕೋಳಿ ಸಾಕಣೆ. ಕೋಳಿ ವಿಷಯದಲ್ಲಿ ಸುತ್ತಲಿನವರು ಆಕೆಯ ಮಾತು ಕೇಳುತ್ತಿದ್ದರು. 1911ರಿಂದ ರೈತರ ಪತ್ರಿಕೆಗೂ ಬರೆದರು.